‘ಆವಿಯಾಗದ’ ದ್ರಾವಕ ತೂಕ ಕಳೆದುಕೊಂಡಾಗ: ಡೀಪ್ ಯೂಟೆಕ್ಟಿಕ್ ದ್ರಾವಕಗಳ ದೋಷ ಪತ್ತೆ

ಕೋಲೀನ್ ಕ್ಲೋರೈಡ್ 302 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಬಿಳಿ ಪುಡಿ. ಯೂರಿಯಾ 133ಕ್ಕೆ ಕರಗುವ ಬಿಳಿ ಹರಳು. ಒಂದು ಮೋಲ್ ಮೊದಲನೆಯದಕ್ಕೆ ಎರಡು ಮೋಲ್ ಎರಡನೆಯದನ್ನು ಸೇರಿಸಿ 80 ಡಿಗ್ರಿಯಲ್ಲಿ ಕಲಕುತ್ತಿದ್ದರೆ ಎರಡೂ ಕೂಡಿ ತಿಳಿಯಾದ, ಜೇನಿನಷ್ಟು ಮಂದವಾದ ದ್ರವವಾಗುತ್ತವೆ. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಾಟ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದಾಗ ಕೊಟ್ಟ ಹೆಪ್ಪುಗಟ್ಟುವ ಬಿಂದು 12 ಡಿಗ್ರಿ. ಬೆರೆತಾಗ ಬಿಡಿಬಿಡಿಯಾಗಿರುವುದಕ್ಕಿಂತ ಎಷ್ಟೋ ಕಡಿಮೆ ಉಷ್ಣತೆಯಲ್ಲಿ ಕರಗುವ ಇಂಥ ಮಿಶ್ರಣಗಳೇ ಡೀಪ್ ಯೂಟೆಕ್ಟಿಕ್ ದ್ರಾವಕಗಳು. ಅಂದಿನಿಂದ ಇವುಗಳ ಪರಿಚಯದಲ್ಲೆಲ್ಲ ‘ಆವಿಯಾಗುವುದಿಲ್ಲ’ ಎಂಬ ಮಾತು ಸೇರಿಕೊಂಡಿದೆ.

ಬೇಗ ಹಾರುವ ಅಸಿಟೋನ್, ಡೈಕ್ಲೋರೋಮೀಥೇನ್‌ಗಳ ಪಕ್ಕ ನಿಲ್ಲಿಸಿದರೆ ಆ ಮಾತು ಬಹುಮಟ್ಟಿಗೆ ನಿಜ. ಆದರೆ ಹಸಿರು ರಸಾಯನಶಾಸ್ತ್ರದ ಹೆಸರೇ ಕೇಳದ ನಮ್ಮ ಮನೆಗಳಲ್ಲೂ ಒಂದು ಯೂಟೆಕ್ಟಿಕ್ ದ್ರವ ಇತ್ತು: ಕರ್ಪೂರ, ಪುದೀನ ಸತ್ವ (ಮೆಂಥಾಲ್), ಓಮದ ಸತ್ವ (ಥೈಮಾಲ್) ಮೂರನ್ನೂ ಶೀಶೆಗೆ ಹಾಕಿದರೆ ಬೆಂಕಿಯಿಲ್ಲದೆ ತಾನಾಗಿ ನೀರಾಗುವ ಅಮೃತಧಾರೆ. ಬಿರಡೆ ತೆಗೆದರೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಈ ಅಣುಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧ ಎಷ್ಟೇ ಬಿಗಿಯಾಗಿದ್ದರೂ ಕೂಡಿಕೊಂಡ ಪಾಲುದಾರರಲ್ಲಿ ಒಬ್ಬರು ಹಾರುವ ಸ್ವಭಾವದವರಾದರೆ ಅವರು ಹಾರಿಯೇ ಹಾರುತ್ತಾರೆ.

ದೋಷ ಹುಡುಕುವಾಗ ಹಿಡಿದುಕೊಳ್ಳಬೇಕಾದ ಎಳೆ ಇದು. ಹೋಗುವುದು ‘ದ್ರಾವಕ’ ಅಲ್ಲ, ಅದರ ಒಂದು ಪಾಲು. ಅಸಿಟೋನ್ ಅರ್ಧ ಹಾರಿದರೆ ಉಳಿದ ಅರ್ಧ ಅಸಿಟೋನೇ. ಇಲ್ಲಿ ಒಂದು ಪಾಲು ಹಾರಿದರೆ ಉಳಿಯುವುದು ಬೇರೆಯದೇ ದ್ರವ: ಅನುಪಾತ ಬೇರೆ, ಹೆಪ್ಪುಗಟ್ಟುವ ಬಿಂದು ಬೇರೆ, ಮಂದತೆ ಬೇರೆ. ಹಾಗಾಗಿ ಎಷ್ಟು ಹೋಯಿತು ಎನ್ನುವುದಕ್ಕಿಂತ ಯಾರು ಹೋದರು ಎಂಬ ಪ್ರಶ್ನೆ ಮುಖ್ಯ. ಉತ್ತರ ಮೂರರಲ್ಲಿ ಒಂದು: ನೀರು, ಹಾರುವ ಪಾಲುದಾರ, ಇಲ್ಲವೇ ಒಡೆದು ಹುಟ್ಟಿದ ಅನಿಲ.

ಮುಂದೆ ಪದೇ ಪದೇ ಬರುವ ಮಿಶ್ರಣಗಳು, 100 ಗ್ರಾಂಗೆ:

- ರಿಲೈನ್ (1:2): ಕೋಲೀನ್ ಕ್ಲೋರೈಡ್ 53.75 ಗ್ರಾಂ, ಯೂರಿಯಾ 46.25 ಗ್ರಾಂ
- ಎಥಾಲೈನ್ (1:2): ಕೋಲೀನ್ ಕ್ಲೋರೈಡ್ 52.93 ಗ್ರಾಂ, ಎಥಿಲೀನ್ ಗ್ಲೈಕಾಲ್ 47.07 ಗ್ರಾಂ
- ಗ್ಲಿಸೆಲೈನ್ (1:2): ಕೋಲೀನ್ ಕ್ಲೋರೈಡ್ 43.12 ಗ್ರಾಂ, ಗ್ಲಿಸರಾಲ್ 56.88 ಗ್ರಾಂ
- ಥೈಮಾಲ್–ಮೆಂಥಾಲ್ (1:1): ಥೈಮಾಲ್ 49.01 ಗ್ರಾಂ, ಮೆಂಥಾಲ್ 50.99 ಗ್ರಾಂ

ಲಕ್ಷಣ: ತೂಕ ಇಳಿಯುತ್ತಿದೆ

ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ. ಬಿಸಿ ಪಾತ್ರೆಯನ್ನು ತಕ್ಕಡಿಯ ಮೇಲೆ ಇಟ್ಟಿದ್ದೀರಾ? ಬಿಸಿ ಪಾತ್ರೆಯ ಸುತ್ತ ಗಾಳಿ ಮೇಲಕ್ಕೇಳುವುದರಿಂದ ತೂಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಡೆಸಿಕೇಟರ್‌ನಲ್ಲಿ (ತೇವ ಸೇರದಂತೆ ಮುಚ್ಚಿಡುವ ಗಾಜಿನ ಪಾತ್ರೆ) ಕೋಣೆಯ ಉಷ್ಣತೆಗೆ ಬರುವವರೆಗೆ ಆರಿಸಿ ಮತ್ತೆ ತೂಗಿ. ‘ನಷ್ಟ’ದ ಒಂದಷ್ಟು ಭಾಗ ಅಲ್ಲೇ ಮಾಯವಾಗುವುದುಂಟು.

ಆಮೇಲೆ ಮುಚ್ಚಳ. ಮುಚ್ಚಿದ ವೈಯಲ್ ಕೂಡ ತೂಕ ಕಳೆದುಕೊಳ್ಳುತ್ತಿದ್ದರೆ ದೋಷ ಬಿರಡೆಯಲ್ಲಿದೆ. ಥೈಮಾಲ್, ಮೆಂಥಾಲ್ ಇರುವ ದ್ರವಗಳಿಗೆ ರಬ್ಬರ್ ಬಿರಡೆ, ಪ್ಯಾರಾಫಿಲ್ಮ್ ಎರಡೂ ನಂಬಿಕೆಗೆ ಅರ್ಹವಲ್ಲ. ಟೆಫ್ಲಾನ್ ಒಳಪದರದ ಮುಚ್ಚಳ, ಗಾಜಿನ ಪಾತ್ರೆ ಬಳಸಿ.

ಎರಡೂ ಸರಿಯಿದ್ದರೆ ಮೂರು ಪಾತ್ರೆಗಳ ಪರೀಕ್ಷೆ. ಒಂದೇ ಅಳತೆಯ ಎರಡು ಗಾಜಿನ ಪೆಟ್ರಿ ತಟ್ಟೆ ಮತ್ತು ಒಂದು ಮುಚ್ಚಳವಿರುವ ವೈಯಲ್ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ 10 ಗ್ರಾಂ ದ್ರವ ಹಾಕಿ. ಒಂದು ತಟ್ಟೆಯನ್ನು ಮೇಜಿನ ಮೇಲೆ ತೆರೆದಿಡಿ, ಇನ್ನೊಂದನ್ನು ಹೊಸದಾಗಿ ಒಣಗಿಸಿದ ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿ, ವೈಯಲನ್ನು ಮುಚ್ಚಿ ಪಕ್ಕದಲ್ಲಿ. 1, 2, 4, 8, 24 ಗಂಟೆಗೆ ತೂಗಿ ಗ್ರಾಫ್ ಹಾಕಿ. ತಟ್ಟೆಯ ಅಗಲ ಒಂದೇ ಇರಲೇಬೇಕು. ಆವಿಯಾಗುವುದು ಮೇಲ್ಮೈಯಿಂದ, ಆದ್ದರಿಂದ ಅಗಲ ಬದಲಾದರೆ ಹೋಲಿಕೆಗೆ ಅರ್ಥವಿಲ್ಲ.

ಡೆಸಿಕೇಟರ್ ತಟ್ಟೆಯ ಗೆರೆ ಮೊದಲು ಜೋರಾಗಿ ಇಳಿದು ಆಮೇಲೆ ಚಪ್ಪಟೆಯಾದರೆ ಹೋದದ್ದು ನೀರು. ಚಪ್ಪಟೆಯಾಗದೆ ಒಂದೇ ಓಟದಲ್ಲಿ ಇಳಿಯುತ್ತಲೇ ಇದ್ದರೆ ಪಾಲುದಾರನೇ ಹೋಗುತ್ತಿದ್ದಾನೆ. ಹೈಡ್ರೋಜನ್ ಬಂಧದಲ್ಲಿ ಸಿಕ್ಕಿಕೊಂಡ ಕೊನೆಯ ನೀರು ಬೇಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ಗೆರೆ ಒಮ್ಮೆಲೇ ನಿಲ್ಲದೆ ಬಾಗುತ್ತಾ ಹೋಗುತ್ತದೆ. ಆ ಬಾಗಿಗೂ ನಿಜವಾದ ನೇರ ಇಳಿತಕ್ಕೂ ವ್ಯತ್ಯಾಸ ಕಾಣಲು 24 ಗಂಟೆ ಸಾಲದಿದ್ದರೆ ಮೂರು ದಿನ ಬಿಡಿ. ಕೋಣೆಯ ಉಷ್ಣತೆಯಲ್ಲಿ ಏನೂ ಕಾಣದಿದ್ದರೆ ಇದನ್ನೇ 60 ಡಿಗ್ರಿ ಓವನ್‌ನಲ್ಲಿ ಮಾಡಿ; ಯೂರಿಯಾ, ಮಲೋನಿಕ್ ಆಮ್ಲದ ದ್ರಾವಕವಾದರೆ ಮುಚ್ಚಿದ ವೈಯಲನ್ನು ಮಾತ್ರ ಕಾಯಿಸಬೇಡಿ.

ನೀರಿನ ಅಂಶ ಅಳೆಯುವ ಕಾರ್ಲ್ ಫಿಶರ್ ಯಂತ್ರ ಸಿಗುವುದಾದರೆ ಊಹೆಯೇ ಬೇಡ. ಶುರುವಿನಲ್ಲಿ ದ್ರವದಲ್ಲಿ 3% ನೀರಿದ್ದರೆ 10 ಗ್ರಾಂನಲ್ಲಿ ಹೋಗಬಹುದಾದ ನೀರು 0.30 ಗ್ರಾಂ, ಅಷ್ಟೇ. ತೂಕ 0.30 ದಾಟಿ ಇಳಿದರೆ ದಾಟಿದ ಪ್ರತಿ ಮಿಲಿಗ್ರಾಂ ಪಾಲುದಾರನದು, ಇಲ್ಲವೇ ಒಡೆದು ಹುಟ್ಟಿದ ಅನಿಲದ್ದು.

ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದರೆ, 100 ಗ್ರಾಂ ಎಥಾಲೈನ್‌ನಿಂದ 5 ಗ್ರಾಂ ನೀರು ಹೋದರೆ ದ್ರಾವಕ ಒಣಗಿತು, ಒಳ್ಳೆಯದೇ ಆಯಿತು. ಅದೇ 5 ಗ್ರಾಂ ಎಥಿಲೀನ್ ಗ್ಲೈಕಾಲ್ ಆಗಿದ್ದರೆ 1:2 ಇದ್ದದ್ದು 1:1.79 ಆಗುತ್ತದೆ. 10 ಗ್ರಾಂ ಹೋದರೆ 1:1.58. ಹೋದದ್ದು ನೀರೋ ಗ್ಲೈಕಾಲೋ, ತಕ್ಕಡಿ ಎರಡನ್ನೂ ಒಂದೇ ಸಂಖ್ಯೆಯಾಗಿ ತೋರಿಸುತ್ತದೆ.

ಯಾರಿಂದ ಎಷ್ಟು ಭಯ ಎಂಬ ಅಂದಾಜಿಗೆ ಶುದ್ಧ ವಸ್ತುಗಳ ಆವಿಯ ಒತ್ತಡ ನೋಡಿ. 1 ಮಿ.ಮೀ. ಪಾದರಸದಷ್ಟು ಒತ್ತಡ ಮುಟ್ಟಲು ಎಥಿಲೀನ್ ಗ್ಲೈಕಾಲ್‌ಗೆ 53 ಡಿಗ್ರಿ ಸಾಕು, ಮೆಂಥಾಲ್‌ಗೆ 56, ಥೈಮಾಲ್‌ಗೆ 64. ಗ್ಲಿಸರಾಲ್‌ಗೆ 125 ಬೇಕು. ಮಿಶ್ರಣದೊಳಗೆ ಎಲ್ಲರ ಒತ್ತಡವೂ ಇದಕ್ಕಿಂತ ಕಡಿಮೆ, ಆದರೆ ಸರದಿ ಇದೇ. ಬಿಸಿ ಕೆಲಸಕ್ಕೆ ಎಥಾಲೈನ್ ಬದಲು ಗ್ಲಿಸೆಲೈನ್ ಹಿಡಿದರೆ ಅರ್ಧ ತಲೆನೋವು ಹೋಗುತ್ತದೆ. ಬದಲಿಗೆ ಬರುವುದು ಮಂದತೆ: 25 ಡಿಗ್ರಿಯಲ್ಲಿ ಎಥಾಲೈನ್ ಸುಮಾರು 40 ಸೆಂಟಿಪಾಯ್ಸ್, ಗ್ಲಿಸೆಲೈನ್ 350ರ ಮೇಲೆ.

ಲಕ್ಷಣ: ತೂಕ ಏರುತ್ತಿದೆ

ತೇವ. ಮಳೆಗಾಲದ ಮಂಗಳೂರಿನಲ್ಲಿ ಕೋಲೀನ್ ಕ್ಲೋರೈಡ್ ಡಬ್ಬಿಯ ಮುಚ್ಚಳ ತೆಗೆದು ತೂಗಿ ಮುಗಿಸುವಷ್ಟರಲ್ಲೇ ಪುಡಿ ಅಂಟಂಟಾಗುತ್ತದೆ. ಮೇಜಿನ ಮೇಲಿನ ತಟ್ಟೆ ಏರುತ್ತಾ, ಡೆಸಿಕೇಟರ್‌ನದು ಇಳಿಯುತ್ತಾ ಇದ್ದರೆ ಬೇರೆ ರೋಗ ಹುಡುಕಬೇಡಿ. ಆದರೆ ಒಂದು ಎಚ್ಚರ: ತೇವ ಸೇರುವುದೂ ಗ್ಲೈಕಾಲ್ ಹಾರುವುದೂ ಒಟ್ಟಿಗೆ ನಡೆದು ತೂಕ ಅಲ್ಲಾಡದೆ ನಿಲ್ಲಬಹುದು. ‘ತೂಕ ಬದಲಾಗಲಿಲ್ಲ, ಆದ್ದರಿಂದ ಆವಿಯಾಗಲಿಲ್ಲ’ ಎನ್ನುವ ತೀರ್ಮಾನ ತೆರೆದ ಪಾತ್ರೆಗೆ ಸಲ್ಲದು.

ಒಣಗಿಸುವುದಾದರೆ ಬೆರೆಸುವ ಮೊದಲು ಒಣಗಿಸಿ. ಕೋಲೀನ್ ಕ್ಲೋರೈಡ್ ಅನ್ನು ವ್ಯಾಕ್ಯೂಮ್ ಓವನ್‌ನಲ್ಲಿ 60 ಡಿಗ್ರಿಗೆ 24 ಗಂಟೆ, ಗ್ಲೈಕಾಲನ್ನು ನೀರು ಹೀರುವ 3ಎ ಮಾಲಿಕ್ಯುಲರ್ ಸೀವ್ ಮೇಲೆ. ಆಮೇಲೆ ಮುಚ್ಚಿದ ಪಾತ್ರೆಯಲ್ಲಿ ಬೆರೆಸಿ. ತಯಾರಾದ ಎಥಾಲೈನನ್ನು ‘ಒಣಗಲಿ’ ಎಂದು 80 ಡಿಗ್ರಿ ವ್ಯಾಕ್ಯೂಮ್ ಓವನ್‌ನಲ್ಲಿ ರಾತ್ರಿಯಿಡೀ ಬಿಡುವುದು ಮಾಮೂಲಿ ತಪ್ಪು. ನೀರಿನ ಬೆನ್ನಿಗೇ ಗ್ಲೈಕಾಲ್ ಕೂಡ ಪಂಪಿನ ದಾರಿ ಹಿಡಿದಿರುತ್ತದೆ.

ಹೊಸ ದ್ರವದಲ್ಲೇ ನೀರು ವಿಪರೀತ ಇದ್ದರೆ ಡಬ್ಬಿಯ ಲೇಬಲ್ ಓದಿ. ಕೋಳಿ ಆಹಾರಕ್ಕೆ ಮಾರುವ ಕೋಲೀನ್ ಕ್ಲೋರೈಡ್ ಅಗ್ಗ, ಆದರೆ ಅದು 75% ಜಲದ್ರಾವಣ, ಇಲ್ಲವೇ ಜೋಳದ ದಿಂಡಿನ ಪುಡಿಗೆ ಹೀರಿಸಿದ 60%ರ ಸರಕು. ಎರಡರಲ್ಲೂ ಮೇಲಿನ ಗ್ರಾಂ ಲೆಕ್ಕ ಹಿಡಿಯುವುದಿಲ್ಲ.

ಲಕ್ಷಣ: ವಾಸನೆ

ಮೂಗು ಒಳ್ಳೆಯ ಉಪಕರಣ, ಆದರೆ ಬಾಟಲಿಗೆ ಮೂಗಿಡಬೇಡಿ. ಫ್ಯೂಮ್ ಹುಡ್ ಒಳಗೆ, ಕೈಯಿಂದ ಗಾಳಿ ಬೀಸಿಕೊಂಡು ನೋಡಿ. ಜೊತೆಗೆ ಒದ್ದೆ ಮಾಡಿದ ಪಿಎಚ್ ಕಾಗದವನ್ನು ಬಾಟಲಿಯ ಬಾಯಿಯ ಮೇಲೆ ಹಿಡಿಯಿರಿ.

ಓಮ, ಪುದೀನದ ವಾಸನೆ: ಥೈಮಾಲ್–ಮೆಂಥಾಲ್ ದ್ರವದ ಸಹಜ ಗುಣ, ದೋಷವಲ್ಲ. ನೀರಿನೊಡನೆ ಬೆರೆಯದ ದ್ರಾವಕ ಬೇಕೆಂದು ಇದನ್ನು ಆರಿಸಿಕೊಂಡಿದ್ದೀರಿ, ಹಾರುವಿಕೆ ಅದರ ಬೆಲೆ. ಅಂಥದನ್ನು ‘ಆವಿಯಾಗದ ದ್ರಾವಕ’ ಎಂದು ವರದಿಯಲ್ಲಿ ಬರೆಯುವುದು ಮಾತ್ರ ದೋಷ.

ಮೂತ್ರದ, ಅಮೋನಿಯಾದ ಘಾಟು, ಕಾಗದ ನೀಲಿ: ಯೂರಿಯಾ ಒಡೆಯುತ್ತಿದೆ. 80 ಡಿಗ್ರಿಯಲ್ಲೂ ಗಂಟೆಗಟ್ಟಲೆ ಇಟ್ಟರೆ ನಿಧಾನವಾಗಿ ಅಮೋನಿಯಾ ಬಿಡುತ್ತದೆ. 100 ದಾಟಿದರೆ ಬೇಗ. ಇದು ಆವಿಯಾಗುವುದಲ್ಲ, ರಾಸಾಯನಿಕವಾಗಿ ಒಡೆಯುವುದು. ಇಲ್ಲಿ ಕಳೆದ ತೂಕವನ್ನು ಯೂರಿಯಾ ಹಾಕಿ ತುಂಬಿಸಲಾಗದು, ಬೈಯುರೆಟ್‌ನಂಥ ಉಳಿಕೆ ಒಳಗೇ ಇರುತ್ತದೆ. ಹಾಟ್‌ಪ್ಲೇಟ್‌ನ ಡಯಲ್ ನಂಬದೆ ದ್ರವದೊಳಗೇ ಥರ್ಮಾಮೀಟರ್ ಇಳಿಸಿ ನೋಡಿ. ಮಂದ ದ್ರವದ ನಡುವೆ 80 ಎಂದು ತೋರಿಸುವಾಗ ಪಾತ್ರೆಯ ತಳ ಅದಕ್ಕಿಂತ ಎಷ್ಟೋ ಬಿಸಿಯಾಗಿರಬಹುದು. ಪಾತ್ರೆಯನ್ನು ಬಿಸಿ ಎಣ್ಣೆಯಲ್ಲಿ ಇಳಿಸಿ ಕಾಯಿಸುವ ‘ಎಣ್ಣೆ ಸ್ನಾನ’ ವಾಸಿ.

ಗೊಬ್ಬರದಂಗಡಿಯ ಯೂರಿಯಾ ಬಳಸಿದ್ದರೆ ಮೊದಲು ಅದನ್ನು ಬಿಡಿ. 2015ರಿಂದ ಅದಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯ. ಕಹಿ ವಾಸನೆ, ಹಳದಿ ಬಣ್ಣ, ಮೇಲೆ ತೇಲುವ ಜಿಡ್ಡು ಎಲ್ಲಕ್ಕೂ ಕಾರಣ ಅದೇ.

ಮೀನಿನ ವಾಸನೆ, ಕಾಗದ ನೀಲಿ: ಟ್ರೈಮೀಥೈಲ್ ಅಮೀನ್. ಕೋಲೀನ್ ಕ್ಲೋರೈಡ್ ಪುಡಿಯನ್ನೇ ಒಮ್ಮೆ ಪರೀಕ್ಷಿಸಿ. ಪುಡಿಯಲ್ಲೇ ಆ ವಾಸನೆ ಇದ್ದರೆ ಅದು ತಯಾರಿಕೆಯ ಉಳಿಕೆ, ವ್ಯಾಕ್ಯೂಮ್‌ನಲ್ಲಿ ಒಣಗಿಸಿದರೆ ಕಡಿಮೆಯಾಗುತ್ತದೆ. ಪುಡಿ ಶುದ್ಧವಾಗಿದ್ದು ದ್ರವ ಮಾತ್ರ ನಾರುತ್ತಿದ್ದರೆ, ಕ್ಷಾರ ಸೇರಿಸಿ ಬಿಸಿ ಮಾಡಿದ್ದೀರಾ ನೋಡಿ. ಪ್ರಬಲ ಕ್ಷಾರ ಕೋಲೀನನ್ನೇ ಒಡೆಯುತ್ತದೆ. ಉಪ್ಪು ಎಂದೂ ಹಾರದು ಎಂದು ನಂಬಿದ್ದ ಪಾಲುದಾರನೂ ಹೀಗೆ ಹೋಗುತ್ತಾನೆ.

ವಿನೆಗರ್ ವಾಸನೆ, ಕಾಗದ ಕೆಂಪು: ಮಲೋನಿಕ್ ಆಮ್ಲದ ದ್ರಾವಕವಾದರೆ ಅದು ಇಂಗಾಲದ ಡೈಆಕ್ಸೈಡ್ ಬಿಟ್ಟು ಅಸಿಟಿಕ್ ಆಮ್ಲವಾಗುತ್ತಿದೆ. ಗುಳ್ಳೆ ಕಾಣುತ್ತಿದ್ದರೆ ಅನುಮಾನವೇ ಇಲ್ಲ.

ಲಕ್ಷಣ: ಹರಳು

ಹರಳು ಎಲ್ಲಿ ಕಟ್ಟಿದೆ ಎಂಬುದರಲ್ಲೇ ಉತ್ತರ ಇದೆ.

ಬಾಟಲಿಯ ಕತ್ತಿನಲ್ಲಿ, ಕಂಡೆನ್ಸರ್‌ನ ತಣ್ಣನೆ ಗಾಜಿನ ಮೇಲೆ ಬಿಳಿ ಸೂಜಿಗಳು ಕಂಡರೆ ಹಾರುವ ಪಾಲುದಾರ ಅಲ್ಲಿ ಹೋಗಿ ಕೂತಿದ್ದಾನೆ. ಮೆಂಥಾಲ್ 42 ಡಿಗ್ರಿಗೆ, ಥೈಮಾಲ್ 50ಕ್ಕೆ ಕರಗುವ ವಸ್ತುಗಳು, ಒಂಟಿಯಾಗಿ ತಣ್ಣನೆ ಗೋಡೆ ಮುಟ್ಟಿದರೆ ಹರಳಾಗದೆ ಬೇರೆ ದಾರಿಯಿಲ್ಲ. ಮುಚ್ಚಿದ ಬಾಟಲಿಯಾದರೆ ಇಡೀ ಬಾಟಲಿಯನ್ನು ಬೆಚ್ಚಗೆ ಮಾಡಿ ತಲೆಕೆಳಗೆ ತಿರುಗಿಸುತ್ತಾ ಹರಳನ್ನು ಮತ್ತೆ ದ್ರವಕ್ಕೆ ಸೇರಿಸಿ. ಕೆರೆದು ಬಿಸಾಡಿದರೆ ಅನುಪಾತ ಕೆಟ್ಟಿತು. ಯೂರಿಯಾ ದ್ರಾವಕವನ್ನು ಅತಿಯಾಗಿ ಕಾಯಿಸಿದಾಗಲೂ ಮೇಲ್ಗೋಡೆಯಲ್ಲಿ ಬಿಳಿ ಹೊಟ್ಟು ಕಟ್ಟುತ್ತದೆ. ಅಲ್ಲಿ ಅಮೋನಿಯಾ ಘಾಟು ಜೊತೆಗಿರುತ್ತದೆ, ಅದನ್ನು ಮರಳಿ ಸೇರಿಸಬಾರದು.

ತಳದಲ್ಲಿ ಹರಳು ಕಂಡರೆ ಗಾಬರಿ ಬೇಡ, ಮೊದಲು ಕೋಣೆಯ ಉಷ್ಣತೆ ನೋಡಿ. ರಿಲೈನ್‌ಗೆ ಪುಸ್ತಕದ ಸಂಖ್ಯೆ 12 ಡಿಗ್ರಿ ಆದರೂ ಚೆನ್ನಾಗಿ ಒಣಗಿಸಿದ ವಸ್ತುಗಳಿಂದ ಮಾಡಿದ್ದು 25 ಡಿಗ್ರಿಯ ಮೇಲೂ ಹರಳಾಗಬಲ್ಲದು. ಹೆಪ್ಪುಗಟ್ಟುವ ಬಿಂದುವನ್ನು ಕೆಳಗಿಳಿಸುವುದರಲ್ಲಿ ಅಲ್ಪಸ್ವಲ್ಪ ನೀರಿನ ಕೈಯೂ ಇರುತ್ತದೆ. ಡಿಸೆಂಬರ್‌ನ ಬೆಂಗಳೂರಿನ ಬೆಳಗ್ಗೆ ಬಾಟಲಿ ಗಟ್ಟಿಯಾಗಿದ್ದರೆ 50 ಡಿಗ್ರಿ ನೀರಿನಲ್ಲಿ ಇಟ್ಟು ಕಲಕಿ. ಪೂರ್ತಿ ತಿಳಿಯಾದರೆ ಕೆಲಸ ಮುಂದುವರಿಸಿ. ಬಿಸಿ ಮಾಡಿದರೂ ಉಳಿಯುವ ಹರಳು ಮಾತ್ರ ಅನುಪಾತ ಜಾರಿರುವುದರ ಗುರುತು.

ಲಕ್ಷಣ: ರೋಟಾವೇಪರ್‌ನಲ್ಲಿ (ನಿರ್ವಾತದಲ್ಲಿ ಫ್ಲಾಸ್ಕ್ ತಿರುಗಿಸುತ್ತಾ ದ್ರಾವಕ ಆವಿಯಾಗಿಸುವ ಯಂತ್ರ) ನಿರ್ವಾತ ನಿಲ್ಲುತ್ತಿಲ್ಲ, ಸಂಗ್ರಹ ಫ್ಲಾಸ್ಕ್‌ನಲ್ಲಿ ಎಣ್ಣೆಯಂಥ ಹನಿ

ಮೊದಲು ಖಾಲಿ ಫ್ಲಾಸ್ಕ್ ಹಾಕಿ ಪಂಪ್ ಓಡಿಸಿ. ಆಗಲೂ ನಿಲ್ಲದಿದ್ದರೆ ಸೀಲು, ಕೊಳವೆ ಸೋರುತ್ತಿವೆ, ದ್ರಾವಕದ ತಪ್ಪಿಲ್ಲ. ಖಾಲಿ ಇದ್ದಾಗ ಸರಿಯಿದ್ದು ದ್ರಾವಕ ಹಾಕಿದಾಗ ನಿಲ್ಲದಿದ್ದರೆ ಏನೋ ಕುದಿಯುತ್ತಿದೆ.

ಶುದ್ಧ ಎಥಿಲೀನ್ ಗ್ಲೈಕಾಲ್ 10 ಮಿ.ಮೀ. ಪಾದರಸ ಒತ್ತಡದಲ್ಲಿ 92 ಡಿಗ್ರಿಗೆ ಕುದಿಯುತ್ತದೆ, ಮೆಂಥಾಲ್ 96ಕ್ಕೆ. ನೀರು ಅದೇ ಒತ್ತಡದಲ್ಲಿ ಸುಮಾರು 11 ಡಿಗ್ರಿಗೇ ಕುದಿಯುವುದರಿಂದ, ನೀರನ್ನಷ್ಟೇ ತೆಗೆಯಲು ಇಷ್ಟು ಆಳದ ನಿರ್ವಾತವೂ 90 ಡಿಗ್ರಿ ಸ್ನಾನವೂ ಬೇಕಿಲ್ಲ. ಸ್ನಾನ 50–60 ಡಿಗ್ರಿ, ಒತ್ತಡ 40 ಮಿ.ಮೀ. ಸುತ್ತ ಇಟ್ಟು ಹನಿ ನಿಂತ ಕೂಡಲೇ ನಿಲ್ಲಿಸಿ. ಥೈಮಾಲ್–ಮೆಂಥಾಲ್‌ಗೆ ಈ ಉಪಾಯವೂ ಪೂರ್ತಿ ನಡೆಯದು: ಓಮದೆಣ್ಣೆ ಬಟ್ಟಿ ಇಳಿಸುವಾಗ ಉಗಿಯ ಜೊತೆ ಥೈಮಾಲ್ ಬರುವಂತೆ ಇಲ್ಲೂ ನೀರಿನ ಆವಿ ಅವೆರಡನ್ನೂ ಹೊತ್ತೊಯ್ಯುತ್ತದೆ. ನೀರು ಬೇರೆ ಪದರವಾಗಿಯೇ ನಿಲ್ಲುವುದರಿಂದ ಸೆಪರೇಟಿಂಗ್ ಫನಲ್‌ನಲ್ಲಿ ಬೇರ್ಪಡಿಸಿ.

ಉತ್ಪನ್ನವನ್ನು ದ್ರಾವಕದಿಂದ ಬೇರ್ಪಡಿಸಲು ದ್ರಾವಕವನ್ನೇ ಆವಿಯಾಗಿಸಲು ಹೊರಟಿದ್ದರೆ ಆ ದಾರಿ ಬಿಡಿ. ಕೋಲೀನ್ ಆಧಾರಿತ ದ್ರಾವಕಗಳಲ್ಲಿ ನೀರು ಸೇರಿಸಿ ಉತ್ಪನ್ನವನ್ನು ಕೆಳಗಿಳಿಸಿ ಸೋಸುವುದು ಸರಿ, ಉತ್ಪನ್ನ ನೀರಿನಲ್ಲಿ ಕರಗದಿದ್ದರೆ.

ಲಕ್ಷಣ: ಟಿಜಿಎ (ಬಿಸಿ ಏರಿಸುತ್ತಾ ತೂಕ ಅಳೆಯುವ ಯಂತ್ರ) 200 ಡಿಗ್ರಿವರೆಗೆ ಸ್ಥಿರ ಎನ್ನುತ್ತದೆ, ಓವನ್‌ನಲ್ಲಿ 80ಕ್ಕೇ ತೂಕ ಇಳಿಯುತ್ತದೆ

ಎರಡೂ ಸುಳ್ಳು ಹೇಳುತ್ತಿಲ್ಲ. ನಿಮಿಷಕ್ಕೆ 10 ಡಿಗ್ರಿ ಏರುವ ಓಟದಲ್ಲಿ ಮಾದರಿ 70ರಿಂದ 90 ಡಿಗ್ರಿ ನಡುವೆ ಇರುವುದು ಎರಡೇ ನಿಮಿಷ. ಅಷ್ಟರಲ್ಲಿ ಹಾರಿದ್ದು ಗೆರೆಯಲ್ಲಿ ಕಾಣುವುದಿಲ್ಲ. ಓವನ್‌ನಲ್ಲಿ ಅದೇ ಉಷ್ಣತೆಯಲ್ಲಿ ಎಂಟು ಗಂಟೆ ಇರುತ್ತದೆ. ನೀವು ಕೆಲಸ ಮಾಡುವ ಉಷ್ಣತೆಯಲ್ಲೇ ಯಂತ್ರವನ್ನು ನಿಲ್ಲಿಸಿ ಕೆಲವು ಗಂಟೆ ಸ್ಥಿರ ಓಟ ಮಾಡಿಸಿ. ವರದಿಯಲ್ಲಿ ಹಾಕಬೇಕಾದ ಸಂಖ್ಯೆ ಅದು. ಏರುವ ಓಟದ ಸಂಖ್ಯೆಯನ್ನೇ ‘ಇಲ್ಲಿಯವರೆಗೆ ಬಳಸಬಹುದು’ ಎಂದು ಓದಿಕೊಂಡು ಹಾಳಾದ ಪ್ರಾಜೆಕ್ಟುಗಳಿಗೆ ಲೆಕ್ಕವಿಲ್ಲ.

ಲಕ್ಷಣ: ಮುಚ್ಚಿದ ಬಾಟಲಿಯಲ್ಲಿ ತೂಕ ಹಾಗೇ ಇದೆ, ನೀರು ಮಾತ್ರ ಹೆಚ್ಚುತ್ತಿದೆ

ಕೋಲೀನ್ ಕ್ಲೋರೈಡ್ ಜೊತೆ ಕಾರ್ಬಾಕ್ಸಿಲಿಕ್ ಆಮ್ಲ (ಲ್ಯಾಕ್ಟಿಕ್, ಮಲೋನಿಕ್, ಸಿಟ್ರಿಕ್ ಇತ್ಯಾದಿ) ಇದ್ದರೆ ಎಸ್ಟರ್ ಆಗುತ್ತಿದೆ. ಕೋಲೀನ್‌ನ ಹೈಡ್ರಾಕ್ಸಿಲ್ ಆಮ್ಲದೊಡನೆ ಸೇರಿ ನೀರು ಬಿಡುತ್ತದೆ. ಹೊರಗಿನಿಂದ ಏನೂ ಬಂದಿಲ್ಲ, ಏನೂ ಹೋಗಿಲ್ಲ. ಮಾಡುವಾಗ ಹೆಚ್ಚು ಬಿಸಿ ಮಾಡಿದಷ್ಟೂ ಇದು ಹೆಚ್ಚು. ಇಂಥವನ್ನು ಸ್ವಲ್ಪವೇ ಮಾಡಿ, ಸಾಧ್ಯವಾದಷ್ಟು ಕಡಿಮೆ ಬಿಸಿಯಲ್ಲಿ ಮಾಡಿ, ತಯಾರಿಸಿದ ದಿನಾಂಕ ಬರೆದಿಡಿ.

ಲಕ್ಷಣ: ಜಿಸಿಯಲ್ಲಿ (ಗ್ಯಾಸ್ ಕ್ರೊಮಟೋಗ್ರಫಿ, ಮಿಶ್ರಣವನ್ನು ಆವಿಯಾಗಿಸಿ ಬಿಡಿಸುವ ಯಂತ್ರ) ಗುರುತು ಸಿಗದ ಪೀಕ್‌ಗಳು

ದ್ರವವನ್ನೇ ನೇರವಾಗಿ ಸಿರಿಂಜಿನಿಂದ ಚುಚ್ಚಿದ್ದೀರಿ. 250 ಡಿಗ್ರಿ ಇಂಜೆಕ್ಟರ್‌ನಲ್ಲಿ ಕೋಲೀನ್ ಉಪ್ಪು ಒಡೆದು ಟ್ರೈಮೀಥೈಲ್ ಅಮೀನ್, ಕ್ಲೋರೋಮೀಥೇನ್ ಬಿಡುತ್ತದೆ, ಲೈನರ್ ಕೊಳಕಾಗುತ್ತದೆ. ದ್ರವದ ಮೇಲಿನ ಆವಿಯನ್ನಷ್ಟೇ ತೆಗೆದು ಚುಚ್ಚುವ ಹೆಡ್‌ಸ್ಪೇಸ್ ವಿಧಾನ ಬಳಸಿ. ವೈಯಲನ್ನು ನಿಮ್ಮ ಕೆಲಸದ ಉಷ್ಣತೆಗಷ್ಟೇ ಬಿಸಿ ಮಾಡಿ.

ಇಲ್ಲಿ ನಿಲ್ಲಿಸಿ

ಮುಚ್ಚಿದ ಬಾಟಲಿ ಉಬ್ಬಿದೆ, ಅಥವಾ ಮುಚ್ಚಳ ಸಡಿಲಿಸಿದಾಗ ಬುಸ್ಸೆನ್ನುತ್ತದೆ ಎಂದರೆ ಒಳಗೆ ಅನಿಲ ಹುಟ್ಟುತ್ತಿದೆ. ಬಿಸಿ ಇರುವಾಗ ತೆರೆಯಬೇಡಿ. ಹುಡ್ ಒಳಗೆ ತಾನಾಗಿ ಆರಲು ಬಿಟ್ಟು, ಮುಖಕ್ಕೆ ಕವಚ ಹಾಕಿ, ಲ್ಯಾಬ್ ಹೊಣೆ ಹೊತ್ತವರನ್ನು ಕರೆದುಕೊಂಡು ತೆರೆಯಿರಿ. ಮಲೋನಿಕ್ ಆಮ್ಲದ, ಯೂರಿಯಾದ ದ್ರಾವಕಗಳನ್ನು ಬಿಗಿಯಾಗಿ ಮುಚ್ಚಿ ಕಾಯಿಸಲೇಬಾರದು.

ದ್ರವ ಕಂದು ಬಣ್ಣಕ್ಕೆ ತಿರುಗಿ ಘಾಟು ಹೊಡೆಯುತ್ತಿದ್ದರೆ, ಬಿಳಿ ಹೊಗೆ ಏಳುತ್ತಿದ್ದರೆ ಉರಿ ಆರಿಸಿ. ಅತಿಯಾಗಿ ಕಾದ ಯೂರಿಯಾದಿಂದ ಅಮೋನಿಯಾದ ಜೊತೆ ಐಸೋಸಯಾನಿಕ್ ಆಮ್ಲವೂ ಬರುತ್ತದೆ. ಉಸಿರಿಗೆ ಹೋಗಿ ಕೆಮ್ಮು, ಎದೆ ಬಿಗಿತ ಬಂದರೆ ಹೊರಗೆ ಬಂದು ವೈದ್ಯರನ್ನು ಕಾಣಿ.

ಆವಿ ಕಡಿಮೆ ಎಂದರೆ ವಿಷ ಕಡಿಮೆ ಎಂದಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಹಾಳುಮಾಡಿ ಪ್ರಾಣ ತೆಗೆಯಬಲ್ಲದು. ಥೈಮಾಲ್ ಚರ್ಮ, ಕಣ್ಣು ಸುಡುತ್ತದೆ. ರಿಲೈನ್ ಚೆಲ್ಲಿದ ಜಾಗವನ್ನು ಬ್ಲೀಚ್ ಹಾಕಿ ತೊಳೆಯಬೇಡಿ: ಯೂರಿಯಾ, ಅಮೋನಿಯಾಗಳ ಜೊತೆ ಹೈಪೋಕ್ಲೋರೈಟ್ ಸೇರಿದರೆ ಕ್ಲೋರಮೀನ್‌ಗಳು, ಸ್ಫೋಟಕವಾದ ನೈಟ್ರೋಜನ್ ಟ್ರೈಕ್ಲೋರೈಡ್ ಕೂಡ ಹುಟ್ಟಬಹುದು. ಬರೀ ನೀರು ಸಾಕು.

ಕಳೆದುಹೋದ ಪಾಲನ್ನು ಮತ್ತೆ ಸೇರಿಸಬಹುದೇ?

ಹಾರಿಹೋಗಿದ್ದರೆ ಸೇರಿಸಬಹುದು, ಒಡೆದಿದ್ದರೆ ಇಲ್ಲ. ಸೇರಿಸುವುದಾದರೂ ತೂಕದ ಅಂದಾಜಿನ ಮೇಲಲ್ಲ, ಎನ್‌ಎಂಆರ್ (ಅಣುವಿನ ಹೈಡ್ರೋಜನ್‌ಗಳನ್ನು ಎಣಿಸಿ ತೋರಿಸುವ ಯಂತ್ರ) ನೋಡಿ. ಎಥಾಲೈನನ್ನು ಭಾರಜಲದಲ್ಲಿ ಕರಗಿಸಿ ಪ್ರೋಟಾನ್ ಎನ್‌ಎಂಆರ್ ತೆಗೆದರೆ ಕೋಲೀನ್‌ನ ಮೂರು ಮೀಥೈಲ್‌ಗಳ 9 ಪ್ರೋಟಾನ್ 3.2 ಪಿಪಿಎಂ ಸುತ್ತ, ಗ್ಲೈಕಾಲ್‌ನ 4 ಪ್ರೋಟಾನ್ 3.66 ಪಿಪಿಎಂ ಸುತ್ತ ಒಂಟಿ ಪೀಕ್ ಆಗಿ ಬರುತ್ತವೆ. 1:2 ಇದ್ದರೆ ವಿಸ್ತೀರ್ಣ 9ಕ್ಕೆ 8. ಭಾರಜಲದ ಬದಲು ಡಿಎಂಎಸ್‌ಒ ಎಂಬ ದ್ರಾವಕ ಬಳಸಿದರೆ ಅದರ ನೀರಿನ ಪೀಕ್ ಗ್ಲೈಕಾಲ್‌ನ ಮೇಲೇ ಬಂದು ಕೂರುತ್ತದೆ, ಲೆಕ್ಕ ಕೆಡುತ್ತದೆ. ವಕ್ರೀಭವನಾಂಕ ಅಗ್ಗದ ದಾರಿ, ಆದರೆ ನೀರು ಹೋದರೂ ಅದು ಏರುತ್ತದೆ, ಗ್ಲೈಕಾಲ್ ಹೋದರೂ ಏರುತ್ತದೆ. ಕಾರ್ಲ್ ಫಿಶರ್ ಜೊತೆಗಿಲ್ಲದೆ ಅದನ್ನು ನಂಬಬೇಡಿ.

ನಿಮಗೆ 9ಕ್ಕೆ 7 ಸಿಕ್ಕಿತು ಎನ್ನಿ. 7ನ್ನು 4ರಿಂದ ಭಾಗಿಸಿದರೆ 1.75, ಅಂದರೆ ಪ್ರತಿ ಮೋಲ್ ಕೋಲೀನ್ ಕ್ಲೋರೈಡ್‌ಗೆ 0.25 ಮೋಲ್ ಗ್ಲೈಕಾಲ್ ಕೊರತೆ. ನೀರಿನ ತೂಕ ಕಳೆದು 200 ಗ್ರಾಂ ದ್ರವ ಉಳಿದಿದ್ದರೆ ಅದರಲ್ಲಿ 0.806 ಮೋಲ್ ಕೋಲೀನ್ ಕ್ಲೋರೈಡ್ ಇದೆ. ಸೇರಿಸಬೇಕಾದ ಗ್ಲೈಕಾಲ್ 12.5 ಗ್ರಾಂ. ಸೀವ್ ಮೇಲೆ ಒಣಗಿಸಿದ್ದನ್ನೇ ಹಾಕಿ, ಮುಚ್ಚಿದ ಪಾತ್ರೆಯಲ್ಲಿ 60 ಡಿಗ್ರಿಗೆ ಒಂದು ಗಂಟೆ ಕಲಕಿ, ಇನ್ನೊಂದು ಎನ್‌ಎಂಆರ್ ತೆಗೆಯಿರಿ. ಮೀಥೈಲ್, ಗ್ಲೈಕಾಲ್ ಪೀಕ್‌ಗಳ ಪಕ್ಕದಲ್ಲಿ ಮೊದಲಿಲ್ಲದ ಚಿಕ್ಕ ಪೀಕ್‌ಗಳು ಎದ್ದಿದ್ದರೆ ಆ ಬಾಟಲಿಯನ್ನು ಹ್ಯಾಲೈಡ್ ತ್ಯಾಜ್ಯದ ಕ್ಯಾನ್‌ಗೆ ಹಾಕಿ ಹೊಸದು ಮಾಡಿ.